‘ಕಾಗಿಂಗ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ವಿದ್ಯುತ್ ವಾಹನಗಳ ಮೋಟರ್ ವಿನ್ಯಾಸ, ನಿಯಂತ್ರಣದ ಬಗ್ಗೆ ಒಂದು ಸಂಶೋಧನಾ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸ್ಟೇಟರ್ (ಮೋಟರಿನ ಅಲುಗಾಡದ ಭಾಗ), ರೋಟರ್ (ತಿರುಗುವ ಭಾಗ), ಇನ್ವರ್ಟರ್ ಎಲ್ಲವನ್ನೂ ಹಾಗೇ ಇಟ್ಟುಕೊಂಡೆ. ಟಾರ್ಕ್, ಅಂದರೆ ಬಲವೊಂದರ ತಿರುಗಿಸುವ ಪರಿಣಾಮ, ಅದನ್ನೂ ಮುಟ್ಟಲಿಲ್ಲ. ‘ತಿರುಚುಬಲ’ ಎಂದು ಒಮ್ಮೆ ಬರೆದು ಹೊಡೆದುಹಾಕಿದೆ. ತಿರುಚುವುದು ಅಂದರೆ ಒದ್ದೆ ಬಟ್ಟೆ ಹಿಂಡಿದ ನೆನಪಾಗುತ್ತದೆ. ಅದೂ ಅಲ್ಲದೆ ಬಲವನ್ನು ಅಳೆಯುವುದು ನ್ಯೂಟನ್‌ನಲ್ಲಿ, ಟಾರ್ಕನ್ನು ನ್ಯೂಟನ್-ಮೀಟರ್‌ನಲ್ಲಿ. ನಾನು ಸಿಕ್ಕಿಹಾಕಿಕೊಂಡಿದ್ದು ‘ಕಾಗಿಂಗ್’ ಅನ್ನುವ ಪದದಲ್ಲಿ.

ಅದೇನು ಅಂತ ಮೊದಲು ಹೇಳಿಬಿಡುತ್ತೇನೆ. ರೋಟರ್‌ನಲ್ಲಿ ಕಾಯಂ ಅಯಸ್ಕಾಂತ ಇರುವ ಸಣ್ಣ ಮೋಟರ್ ಒಂದನ್ನು ತೆಗೆದುಕೊಳ್ಳಿ. ವೈರುಗಳನ್ನು ಯಾವುದಕ್ಕೂ ಜೋಡಿಸಿರಬಾರದು. ಶಾಫ್ಟನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿ. ನುಣ್ಣಗೆ ತಿರುಗುವುದಿಲ್ಲ. ಸ್ವಲ್ಪ ದೂರ ಬಿಗಿಯಾಗುತ್ತದೆ, ಆಮೇಲೆ ತಾನಾಗಿ ಮುಂದೆ ಜಾರಿ ಟಕ್ ಅಂತ ಕೂರುತ್ತದೆ. ಮತ್ತೆ ಬಿಗಿ, ಮತ್ತೆ ಟಕ್. ನಡುವೆ ಬೆರಳು ಬಿಟ್ಟರೆ ಹತ್ತಿರದ ಜಾಗ ನೋಡಿಕೊಂಡು ನಿಲ್ಲುತ್ತದೆ. ಸ್ಟೇಟರ್‌ನ ಕಬ್ಬಿಣದಲ್ಲಿ ಹಲ್ಲುಗಳಿವೆ, ಹಲ್ಲುಗಳ ನಡುವೆ ಸ್ಲಾಟ್, ಅಂದರೆ ತಂತಿ ಕೂರುವ ತೋಡು. ಕಾಂತರೇಖೆಗಳಿಗೆ ದಾರಿ ಸಲೀಸಾಗುವ ಕಡೆ ರೋಟರ್ ಹೋಗಿ ಕೂರುತ್ತದೆ, ಅಷ್ಟೇ. 12 ಸ್ಲಾಟ್, ರೋಟರ್‌ನಲ್ಲಿ 8 ಪೋಲ್ (ಅಯಸ್ಕಾಂತದ ಧ್ರುವ) ಇದ್ದರೆ ಒಂದು ಸುತ್ತಿಗೆ 24 ಟಕ್. 10 ಪೋಲ್ ಆದರೆ 60. ಶಾಲೆಯಲ್ಲಿ ಕಲಿತ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಇಲ್ಲಿ ಕೆಲಸಕ್ಕೆ ಬರುತ್ತದೆ! ಟಕ್ ಜಾಸ್ತಿಯಾದಷ್ಟೂ ಒಂದೊಂದೂ ಸಾಮಾನ್ಯವಾಗಿ ಸಣ್ಣದಾಗುತ್ತದೆ. ಗಾಡಿ ಜೋರಾಗಿ ಓಡುವಾಗ ಇದು ಗೊತ್ತೇ ಆಗುವುದಿಲ್ಲ. ಕಾಟ ಕೊಡುವುದು ತೀರಾ ನಿಧಾನ ಹೋಗುವಾಗ.

ಇಂಗ್ಲಿಷಿನ ‘ಕಾಗ್’ ಅಂದರೆ ಗಿಯರ್ ಚಕ್ರದ ಹಲ್ಲು. ಅದನ್ನೇ ಹಿಡಿದು ‘ಹಲ್ಲುಕಚ್ಚು’ ಎಂದು ಬರೆದಿದ್ದೆ. ಆದರೆ ಇಲ್ಲಿ ಯಾವುದೂ ಯಾವುದನ್ನೂ ಕಚ್ಚುತ್ತಿಲ್ಲ. ಹಲ್ಲಿಗೂ ಅಯಸ್ಕಾಂತಕ್ಕೂ ನಡುವೆ ಗಾಳಿಯ ಸಂದು ಇದೆ. ಓದಿದವರು ಎಲ್ಲೋ ಗಿಯರ್ ಸವೆದಿದೆ ಅಂದುಕೊಳ್ಳುತ್ತಾರೆ. ಮೇಲಾಗಿ ನಮ್ಮಲ್ಲಿ ಹಲ್ಲು ಕಚ್ಚಿಕೊಳ್ಳುವುದು ಅಂದರೆ ಸಹಿಸಿಕೊಳ್ಳುವುದು. ಮೋಟರ್ ಪಾಪ ಏನು ಸಹಿಸಿಕೊಳ್ಳಬೇಕು?

‘ತಡೆ’ ಸೇರಿಸಿ ಏನಾದರೂ ಮಾಡೋಣ ಅಂತ ಒಬ್ಬ ಸ್ನೇಹಿತರು ಹೇಳಿದರು. ಅದೂ ತಪ್ಪು. ತಡೆಯುವುದು ಘರ್ಷಣೆಯ ಕೆಲಸ, ಅದು ಯಾವತ್ತೂ ಹಿಂದಕ್ಕೇ ಎಳೆಯುತ್ತದೆ. ಇದು ಎಷ್ಟು ಹಿಂದಕ್ಕೆ ಎಳೆಯುತ್ತದೋ ಅಷ್ಟೇ ಮುಂದಕ್ಕೂ ಎಳೆಯುತ್ತದೆ. ಪೂರ್ತಿ ಸುತ್ತಿನ ಸರಾಸರಿ ಸೊನ್ನೆ. ‘ಏರಿಳಿತ’ ಅನ್ನೋಣ ಅಂದರೆ ಅದನ್ನು ಆಗಲೇ ‘ಟಾರ್ಕ್ ರಿಪಲ್’ಗೆ ಕೊಟ್ಟಾಗಿದೆ. ರಿಪಲ್ ಅಂದರೆ ಮೋಟರ್ ಕೆಲಸ ಮಾಡುವಾಗ ಕಾಣುವ ಒಟ್ಟು ಏರುಪೇರು. ಅದರಲ್ಲಿ ಕಾಗಿಂಗ್‌ನದೂ ಒಂದು ಪಾಲು. ‘ಏರಿಳಿತದಲ್ಲಿ ಏರಿಳಿತದ ಪಾಲು’ ಅಂತ ಬರೆದರೆ ಯಾರು ಓದುತ್ತಾರೆ?

ಕಾಗಿಂಗ್ ಕಡಿಮೆ ಮಾಡಲು ಸ್ಲಾಟನ್ನೋ ಅಯಸ್ಕಾಂತವನ್ನೋ ಸ್ವಲ್ಪ ವಾಲಿಸಿ ಕೂರಿಸುತ್ತಾರೆ. ಆಗ ಅಯಸ್ಕಾಂತದ ಇಡೀ ಉದ್ದ ಒಂದೇ ಸಲ ಹಲ್ಲಿನೆದುರು ಬರುವುದಿಲ್ಲ. ಇಂಗ್ಲಿಷಿನಲ್ಲಿ ‘ಸ್ಕ್ಯೂ’, ಕನ್ನಡದಲ್ಲಿ ‘ಓರೆ’. ಎಷ್ಟು ಸಲೀಸಾಗಿ ಕೂತಿತು ಅಲ್ವಾ? ನನಗೆ ಬೇಕಿರುವುದು ಅಂಥದ್ದೇ ಪದ.

ಸದ್ಯಕ್ಕೆ ‘ತಂಗುಸೆಳೆತ’ ಎಂದು ಬರೆದುಕೊಂಡಿದ್ದೇನೆ. ತಂಗುದಾಣದ ತಂಗು. ರೋಟರ್ ತನಗೆ ಒಗ್ಗಿದ ಜಾಗದಲ್ಲಿ ತಂಗಲು ನೋಡುತ್ತದೆ, ಅದಕ್ಕಾಗಿ ಹಿಂದಕ್ಕೋ ಮುಂದಕ್ಕೋ ಸೆಳೆಯುತ್ತದೆ. ಎರಡೂ ದಿಕ್ಕಿಗೆ ಹೊಂದುತ್ತದೆ, ಕರೆಂಟ್ ಇದ್ದರೇ ಆಗುತ್ತದೆ ಅನ್ನುವ ಅರ್ಥವನ್ನೂ ಈ ಪದ ಕೊಡುವುದಿಲ್ಲ.

ಒಂದು ತೊಡಕು ಉಳಿದಿದೆ. ಇಂಡಕ್ಷನ್ ಮೋಟರ್‌ನಲ್ಲೂ ಕಾಗಿಂಗ್ ಅನ್ನುವ ಮಾತಿದೆ, ಅರ್ಥ ಬೇರೆ. ಅಲ್ಲಿ ರೋಟರ್‌ನಲ್ಲಿ ಅಯಸ್ಕಾಂತವಿಲ್ಲ, ಕರೆಂಟ್ ಇಲ್ಲದಾಗ ಕೈಗೆ ಟಕ್ ಸಿಗುವುದಿಲ್ಲ. ಸ್ಟೇಟರ್, ರೋಟರ್ ಎರಡರ ಸ್ಲಾಟ್ ಎಣಿಕೆ ಒಂದೇ ಆದರೆ, ಸ್ವಿಚ್ ಹಾಕಿದಾಗ ಹಲ್ಲುಗಳು ಎದುರುಬದುರಾಗಿ ಸಿಕ್ಕಿಕೊಂಡು ಮೋಟರ್ ಹೊರಡುವುದೇ ಇಲ್ಲ. ಅದನ್ನೂ ತಂಗುಸೆಳೆತ ಅನ್ನಲು ಮನಸ್ಸಿಲ್ಲ. ಅದಕ್ಕೆ ‘ಹಲ್ಲುಸಿಲುಕು’ ಆದೀತೇ? ಇಂಗ್ಲಿಷಿನವರು ಎರಡಕ್ಕೂ ಒಂದೇ ಪದ ಇಟ್ಟರು ಅಂತ ನಾವೂ ಹಾಗೇ ಮಾಡಬೇಕೇ?

ಮೋಟರ್ ರಿವೈಂಡಿಂಗ್ ಮಾಡುವವರ ಬಾಯಲ್ಲಿ ಈ ಟಕ್‌ಗೆ ಏನಾದರೂ ಮಾತು ಕೇಳಿದ್ದರೆ ದಯವಿಟ್ಟು ತಿಳಿಸಿ. ಅಂಥದ್ದು ಇದ್ದರೆ ನನ್ನ ತಂಗುಸೆಳೆತವನ್ನು ಸುಮ್ನೆ ಕೈಬಿಡುತ್ತೇನೆ.