ಬಾವಿಯ ಪಕ್ಕದ ಗೋಡೆಗೆ ಗೆದ್ದಲು: ಔಷಧಿ ಹಾಕಿಸಿದವರು ದಯವಿಟ್ಟು ತಿಳಿಸಿ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ತಾಲ್ಲೂಕಿನ ಹಳ್ಳಿಯಲ್ಲಿರುವ ಹಳೆಯ ಚೀರೆಕಲ್ಲಿನ ಮನೆ. ಮಳೆಗಾಲ ಮುಗಿದ ಮೇಲೆ ಅಡುಗೆಮನೆಯ ಬಾಗಿಲಿಗೆ ಗೆದ್ದಲು ಹತ್ತಿದೆ. ನೆಲ ಮತ್ತು ಗೋಡೆ ಸೇರುವ ಸಂದಿನಿಂದ ಪೆನ್ಸಿಲ್ ದಪ್ಪದ ಮಣ್ಣಿನ ಸಾಲು ಎದ್ದು, ಹಲಸಿನ ಮರದ ದಾರಂದದೊಳಗೆ ನುಗ್ಗಿದೆ. ಸಾಲನ್ನು ಒಡೆದರೆ ಬಿಳಿ ಹುಳುಗಳು ಚದುರುತ್ತವೆ, ಬೆಳಗಾಗುವಷ್ಟರಲ್ಲಿ ಅದೇ ಜಾಗದಲ್ಲಿ ಹಸಿ ಮಣ್ಣು ಮೆತ್ತಿರುತ್ತದೆ. ದಾರಂದವನ್ನು ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು. ಬಣ್ಣ ಮಾತ್ರ ಮೇಲೆ ಹಾಗೆಯೇ ಇದೆ.

ಸೀಮೆಎಣ್ಣೆ ಹಚ್ಚಿ ಎನ್ನುವ ಸಲಹೆ ದಯವಿಟ್ಟು ಬೇಡ. ಅದು ತಾಗಿದ ಹುಳುಗಳಷ್ಟೇ ಸಾಯುತ್ತವೆ, ಗೂಡು ಮಣ್ಣಿನೊಳಗಿರುತ್ತದೆ. ಗೋಡೆಯ ಬುಡದುದ್ದಕ್ಕೂ ರಂಧ್ರ ಕೊರೆದು ಔಷಧಿ ಇಳಿಸುವುದೇ ಸರಿ ಎಂದು ನನಗೂ ಅನ್ನಿಸುತ್ತದೆ. ಆದರೆ ಆ ಗೋಡೆಯಿಂದ ನಾಲ್ಕು ಹೆಜ್ಜೆಗೆ ಕುಡಿಯುವ ನೀರಿನ ಬಾವಿ! ಚೀರೆಕಲ್ಲಿನ ನೆಲದಲ್ಲಿ ನೀರು ಬೇಗ ಇಂಗುತ್ತದೆ, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಕ್ಲೋರೋಪೈರಿಫಾಸ್ ಎಂಬ ಕೀಟನಾಶಕ ತಂದು ನಾವೇ ಸುರಿಯಲು ಖಂಡಿತ ಮನಸ್ಸಿಲ್ಲ.

ಬಾವಿ ಹತ್ತಿರವಿರುವ ಮನೆಗಳಲ್ಲಿ ನೀವು ಏನು ಮಾಡಿಸಿದಿರಿ? ಮಣ್ಣಿಗೆ ಔಷಧಿ ಬಿಡದೆ, ಹುಳುಗಳೇ ಗೂಡಿಗೆ ಒಯ್ಯುವಂಥ ವಿಷದ ತಿನಿಸನ್ನು ಇಡುವವರು ಶಿರಸಿ, ಕುಮಟಾ ಕಡೆ ಇದ್ದಾರೆಯೇ? ಹೊಸ ದಾರಂದಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದವರಿದ್ದರೆ, ಎಷ್ಟು ವರ್ಷ ತಡೆಯಿತು ಎಂಬುದನ್ನೂ ಬರೆಯಿರಿ. ಅಟ್ಟದ ತೊಲೆಗಳಿಗೆ ಇನ್ನೂ ತಾಗಿಲ್ಲ, ಅಷ್ಟರೊಳಗೆ ಕೆಲಸ ಹಿಡಿಸಬೇಕಾಗಿದೆ.