ಬಟ್ಟೆಯಿಂದಲೇ ನಿಲ್ಲುವ ಆಕಾರ: ಮುಂದುವರಿದ ವಿದ್ಯಾರ್ಥಿಗಳಿಗೆ ಕಲಿಸುವ ಬಗೆ ಹೇಗೆ?

ಪ್ರಶ್ನೆ: ನೂಲೆಳೆ

ಎಲ್ಲರಿಗೂ ನಮಸ್ಕಾರ. ನಾನು ದೃಶ್ಯಕಲಾ ಪದವಿಯ ಕೊನೆಯ ವರ್ಷದವರಿಗೆ ಜವಳಿ ಕಲೆಯನ್ನು ಕಲಿಸುತ್ತೇನೆ. ನೇಯ್ಗೆ, ಬಣ್ಣ ಹಾಕುವುದು, ಕಸೂತಿ, ಕ್ರೋಶ (ಕೊಕ್ಕೆ ಸೂಜಿಯ ಹೆಣಿಗೆ), ಉಣ್ಣೆಯ ಫೆಲ್ಟ್ (ನೇಯದೆ, ಉಣ್ಣೆಯನ್ನು ಒತ್ತಿ ಉಜ್ಜಿ ಮಾಡುವ ಬಟ್ಟೆ) ಇವುಗಳಲ್ಲೆಲ್ಲ ವಿದ್ಯಾರ್ಥಿಗಳ ಕೈ ಚೆನ್ನಾಗಿ ಪಳಗಿದೆ. ಚಪ್ಪಟೆ ಮೇಲ್ಮೈಯ ಮಟ್ಟಿಗೆ ನಾನು ಹೇಳಿಕೊಡಬೇಕಾದದ್ದು ಹೆಚ್ಚೇನೂ ಉಳಿದಿಲ್ಲ. ತೊಡಕು ಶುರುವಾಗುವುದು ಮೂರು ಆಯಾಮದ ಕೃತಿ ರಚಿಸಲು ಹೇಳಿದಾಗ. ಬಹುತೇಕರು ಮೊದಲು ತಂತಿಯ ಹಂದರವನ್ನೋ ಥರ್ಮೋಕೋಲಿನ ಗಟ್ಟಿಯನ್ನೋ ಸಿದ್ಧಮಾಡಿಕೊಂಡು, ಅದರ ಮೇಲೆ ತಾವು ನೇಯ್ದ ಅಥವಾ ಕಸೂತಿ ಹಾಕಿದ ಬಟ್ಟೆಯನ್ನು ಎಳೆದು ಅಂಟಿಸುತ್ತಾರೆ. ಗೊಂಬೆಗೆ ಸೀರೆ ಉಡಿಸಿದಂತಾಗುತ್ತದೆಯೇ ಹೊರತು, ಆಕಾರಕ್ಕೂ ಬಟ್ಟೆಗೂ ಯಾವ ಸಂಬಂಧವೂ ಇರುವುದಿಲ್ಲ. ಅದೇ ಆಕಾರಕ್ಕೆ ಬಟ್ಟೆಯ ಬದಲು ಬಣ್ಣ ಬಳಿದಿದ್ದರೂ ಕೃತಿಗೆ ಏನೂ ಕೊರತೆಯಾಗುತ್ತಿರಲಿಲ್ಲ ಎಂದು ಅನ್ನಿಸಿಬಿಡುತ್ತದೆ.

ಈ ಅಭ್ಯಾಸವನ್ನು ಬಿಡಿಸಲು ಮೊದಲ ವಾರಗಳಲ್ಲಿ ಎಂತಹ ಪಾಠಗಳನ್ನು ಕೊಡಬೇಕು? ಹಂದರದ ಬಳಕೆಯನ್ನೇ ನಿಷೇಧಿಸುವುದು ಸರಿಯೇ? ಇಂತಹ ಕೃತಿಗಳಿಗೆ ಅಂಕ ಕೊಡುವಾಗ ಯಾವುದನ್ನು ನೋಡುತ್ತೀರಿ? ನನಗೆ ಇರುವುದು ಒಂದೇ ಸೆಮಿಸ್ಟರ್.

ಉತ್ತರ: ಹಾಸುಹೊಕ್ಕು

ನೀವು ವಿವರಿಸಿದ ತೊಡಕಿಗೆ ಮೂಲ ಕಾರಣ ನಮ್ಮ ಪಾಠಕ್ರಮದಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. ಮೂರು ವರ್ಷ ಬಟ್ಟೆಯನ್ನು ಮುಗಿದ ವಸ್ತುವಾಗಿ ನೋಡಲು ಕಲಿಸಿ, ನಾಲ್ಕನೆಯ ವರ್ಷ ಅದನ್ನು ಆಕಾರವಾಗಿ ನೋಡು ಎಂದರೆ ವಿದ್ಯಾರ್ಥಿಗೆ ಹೊಳೆಯುವ ಸುಲಭದ ದಾರಿ ಹೊದಿಸುವುದೊಂದೇ. ಆದ್ದರಿಂದ ನಾನು ಮುಂದುವರಿದ ತರಗತಿಯನ್ನು ಬಟ್ಟೆ ಹುಟ್ಟುವ ಹಂತದಿಂದಲೇ ಆರಂಭಿಸುತ್ತೇನೆ. ಆಕಾರ ಎಳೆಯಲ್ಲಿ, ಹುರಿಯಲ್ಲಿ, ಕುಗ್ಗುವಿಕೆಯಲ್ಲಿ ಅಡಗಿರಬೇಕು, ಹೊರಗಿನಿಂದ ಬರಬಾರದು.

ಮಗ್ಗ ಇರುವ ಕಡೆ ಮೊದಲ ಪಾಠ ಇಮ್ಮಡಿ ಪದರದ ನೇಯ್ಗೆ. ನಾಲ್ಕು ಶಾಫ್ಟ್‌ಗಳ ಸಾಧಾರಣ ಮಗ್ಗದಲ್ಲಿ (ಶಾಫ್ಟ್ ಎಂದರೆ ಎಳೆಗಳನ್ನು ಎತ್ತಿಳಿಸುವ ಚೌಕಟ್ಟು), ಹಾಸನ್ನು, ಅಂದರೆ ಉದ್ದದ ಎಳೆಗಳನ್ನು, ಎರಡರಷ್ಟು ಒತ್ತಾಗಿ ಹಾಕಿಕೊಂಡರೆ, ಒಂದರ ಕೆಳಗೊಂದು ಎರಡು ಪದರಗಳನ್ನು ಏಕಕಾಲಕ್ಕೆ ನೇಯಬಹುದು. ಅಡ್ಡ ಎಳೆಯನ್ನು, ಅಂದರೆ ಹೊಕ್ಕನ್ನು, ಒಯ್ಯುವ ಲಾಳಿ ಮೇಲಿನ ಪದರದಲ್ಲಿ ಹೋಗಿ ಕೆಳಗಿನ ಪದರದಲ್ಲಿ ಮರಳಿದರೆ ಎರಡೂ ಅಂಚುಗಳು ಕೂಡಿಕೊಂಡು ಕೊಳವೆಯಾಗುತ್ತದೆ. ಒಂದು ಅಂಚನ್ನು ಮಾತ್ರ ಕೂಡಿಸಿದರೆ ಮಗ್ಗದಿಂದ ಇಳಿಸಿದ ಮೇಲೆ ಎರಡರಷ್ಟು ಅಗಲಕ್ಕೆ ಬಿಚ್ಚಿಕೊಳ್ಳುತ್ತದೆ. ನಡುನಡುವೆ ಪದರಗಳನ್ನು ಅದಲುಬದಲು ಮಾಡಿದರೆ ಮುಚ್ಚಿದ ಚೀಲಗಳು ಹುಟ್ಟುತ್ತವೆ. ಮಗ್ಗದ ಮೇಲೆ 40 ಸೆಂಟಿಮೀಟರ್ ಅಗಲ ಕಾಣುವ ಕೊಳವೆಯ ಸುತ್ತಳತೆ 80 ಸೆಂಟಿಮೀಟರ್, ಅಂದರೆ ದುಂಡಗೆ ಬಿಡಿಸಿದಾಗ ಸುಮಾರು 25 ಸೆಂಟಿಮೀಟರ್ ವ್ಯಾಸ. ಚಪ್ಪಟೆಯಾಗಿರುವ ಸ್ಥಿತಿಯಲ್ಲೇ ಈ ಲೆಕ್ಕವನ್ನು ಹಾಕಿ, ಇಳಿಸಿದ ಮೇಲೆ ಏನಾಗುತ್ತದೆ ಎಂಬುದನ್ನು ಮೊದಲೇ ಚಿತ್ರ ಬರೆದುಕೊಡುವಂತೆ ನಾನು ಕೇಳುತ್ತೇನೆ. ಈ ಚಿತ್ರ ಬರೆಯುವ ಕೆಲಸವೇ ನೇಯುವುದಕ್ಕಿಂತ ಹೆಚ್ಚು ಕಲಿಸುತ್ತದೆ.

ಎರಡನೆಯದು ಕುಗ್ಗುವಿಕೆ. ಒಂದೇ ಹಾಸಿನಲ್ಲಿ ಉಣ್ಣೆಯ ಪಟ್ಟಿ, ಹತ್ತಿಯ ಪಟ್ಟಿ ಹೀಗೆ ಸರದಿಯಂತೆ ಇಟ್ಟು ಸಡಿಲವಾಗಿ ನೇಯ್ದು, ಬಿಸಿನೀರು ಮತ್ತು ಸಾಬೂನಿನಲ್ಲಿ ಚೆನ್ನಾಗಿ ಉಜ್ಜಿದರೆ ಉಣ್ಣೆಯ ಭಾಗ ಕುಗ್ಗಿ ಗಟ್ಟಿಯಾಗುತ್ತದೆ; ಕುಗ್ಗಲಾರದ ಹತ್ತಿಯ ಭಾಗಕ್ಕೆ ಜಾಗ ಸಾಲದೆ ಅದು ಉಬ್ಬಿಕೊಂಡು ಮೇಲೇಳುತ್ತದೆ. ಯಂತ್ರದಲ್ಲಿ ತೊಳೆಯಬಹುದೆಂದು ಗುರುತು ಹಾಕಿದ ಉಣ್ಣೆಯನ್ನು ತರಿಸಬೇಡಿ, ಅದರ ನಾರಿನ ಮೇಲಿನ ಹುರುಪೆಗಳನ್ನು ಮೊದಲೇ ಸಂಸ್ಕರಿಸಿರುವುದರಿಂದ ಅದು ಫೆಲ್ಟ್ ಆಗುವುದಿಲ್ಲ. ಅತಿಯಾಗಿ ಹುರಿ ಹಾಕಿದ ನೂಲಿನದೂ ಇಂಥದೇ ಗುಣ. ಮಗ್ಗದ ಮೇಲೆ ಬಿಗಿಯಲ್ಲಿರುವಷ್ಟು ಹೊತ್ತು ತೆಪ್ಪಗಿರುವ ಅದು, ನೀರಿಗೆ ಬಿದ್ದ ಕೂಡಲೇ ಹುರಿ ಬಿಚ್ಚಿಕೊಳ್ಳಲು ಹೆಣಗಿ ಬಟ್ಟೆಯನ್ನು ಸುಕ್ಕುಗಟ್ಟಿಸುತ್ತದೆ. ಎಡಹುರಿ ಮತ್ತು ಬಲಹುರಿಯ ಎಳೆಗಳನ್ನು ಪಟ್ಟಿಪಟ್ಟಿಯಾಗಿ ಸೇರಿಸಿದರೆ ಇಸ್ತ್ರಿ ಮುಟ್ಟಿಸದೆಯೇ ನೆರಿಗೆ ಮೂಡುತ್ತದೆ.

ಮಗ್ಗ ಇಲ್ಲದವರಿಗೆ ಕ್ರೋಶವೊಂದೇ ಸಾಕು. ದುಂಡಗಿನ ಹೆಣಿಗೆಯಲ್ಲಿ ಪ್ರತಿ ಸುತ್ತಿಗೆ ಸುಮಾರು ಆರು ಹೊಲಿಗೆ ಹೆಚ್ಚಿಸುತ್ತಾ ಹೋದರೆ ಚಪ್ಪಟೆ ತಟ್ಟೆ, ಅದಕ್ಕಿಂತ ಕಡಿಮೆ ಹೆಚ್ಚಿಸಿದರೆ ಬಟ್ಟಲು, ಹೆಚ್ಚು ಹೆಚ್ಚಿಸಿದರೆ ಅಲೆಯಲೆಯಾದ ಅಂಚು. ಗಣಿತಜ್ಞೆ ಡೈನಾ ಟೈಮಿನಾ 1997ರಲ್ಲಿ ಹೈಪರ್ಬಾಲಿಕ್ ಮೇಲ್ಮೈಯನ್ನು (ಎಲ್ಲೆಡೆ ಅಲೆಯಲೆಯಾಗಿ ಹರಡುತ್ತಾ ಹೋಗುವ ಮೇಲ್ಮೈ) ಕ್ರೋಶದಲ್ಲಿ ಹೆಣೆದು ತೋರಿಸಿದ್ದು ಇದೇ ಸೂತ್ರದಿಂದ. 20 ಹೊಲಿಗೆಗಳಿಂದ ಆರಂಭಿಸಿ ಪ್ರತಿ 5 ಹೊಲಿಗೆಗೆ ಒಂದರಂತೆ ಹೆಚ್ಚಿಸಿದರೆ ನಾಲ್ಕೇ ಸುತ್ತುಗಳಲ್ಲಿ ಸಂಖ್ಯೆ ಇಮ್ಮಡಿಯಾಗುತ್ತದೆ. ಈ ಅನುಪಾತವನ್ನು ಬದಲಿಸಿದರೆ ಆಕಾರ ಹೇಗೆ ಬದಲಾಗುತ್ತದೆ ಎಂದು ವಿದ್ಯಾರ್ಥಿ ಒಮ್ಮೆ ಕೈಯಲ್ಲಿ ಹಿಡಿದು ನೋಡಿದರೆ, ತಂತಿಯ ಕಡೆ ಅವನ ಕೈ ತಾನಾಗಿಯೇ ಹೋಗುವುದಿಲ್ಲ.

ಉತ್ತರ: ಶಿಲ್ಪಶಾಲೆ

ಹಾಸುಹೊಕ್ಕು ಅವರು ಹೇಳಿದ್ದಕ್ಕೆ ನನ್ನ ಸಹಮತವಿದೆ, ಆದರೆ ಆಕಾರ ಹೊರಗಿನಿಂದ ಬರಲೇಬಾರದು ಎಂಬ ಮಾತಿಗೆ ಇಲ್ಲ. ನಾನು ಶಿಲ್ಪ ವಿಭಾಗದವನು. ಭಾರ, ಆಧಾರ, ಗುರುತ್ವ ಇವುಗಳನ್ನು ಬಿಟ್ಟು ಮೂರು ಆಯಾಮದ ಮಾತು ನನಗೆ ತಿಳಿಯುವುದಿಲ್ಲ.

ಭಾರತದ ಶಿಲ್ಪಿ ಮೃಣಾಲಿನಿ ಮುಖರ್ಜಿ ಅವರು ಸೆಣಬಿನ ಹಗ್ಗವನ್ನು ಗಂಟು ಗಂಟಾಗಿ ಕಟ್ಟುತ್ತಾ ಆಳೆತ್ತರದ ಆಕೃತಿಗಳನ್ನು ಬೆಳೆಸಿದರು. ಮೊದಲೇ ಬರೆದ ಚಿತ್ರವಾಗಲಿ ಮಾದರಿಯಾಗಲಿ ಅವರಿಗೆ ಬೇಕಿರಲಿಲ್ಲ. ಆದರೂ ಅವರ ಹಲವು ಕೃತಿಗಳ ಒಳಗೆ ಲೋಹದ ಆಧಾರವಿದೆ. ಅಲ್ಲಿ ಲೋಹ ಭಾರವನ್ನು ಮಾತ್ರ ಹೊರುತ್ತದೆ, ಮಡಿಕೆ ಎಲ್ಲಿ ತೆರೆಯಬೇಕು, ಎಲ್ಲಿ ಜೋಲಬೇಕು ಎಂಬುದನ್ನು ಗಂಟೇ ನಿರ್ಧರಿಸುತ್ತದೆ. ಪೋಲೆಂಡಿನ ಕಲಾವಿದೆ ಮಾಗ್ದಲೇನಾ ಅಬಕನೋವಿಚ್ 1960ರ ದಶಕದಲ್ಲಿ ಹಳೆಯ ಹಗ್ಗಗಳನ್ನು ಬಿಚ್ಚಿ, ಆ ನಾರಿಗೆ ಬಣ್ಣ ಹಾಕಿ ನೇಯ್ದ ಬೃಹತ್ ಕೃತಿಗಳು ಚಾವಣಿಯಿಂದ ತೂಗುತ್ತವೆ. ಅವುಗಳ ಆಕಾರದಲ್ಲಿ ಅರ್ಧ ಪಾಲು ಅವುಗಳ ತೂಕದ್ದೇ. ಹಾಗಾಗಿ ನಿಷೇಧ ಬೇಡ, ಒಂದು ಪ್ರಶ್ನೆ ಸಾಕು: ಹಂದರವನ್ನು ಹೊರಗೆಳೆದರೆ ಉಳಿಯುವ ಬಟ್ಟೆಯಲ್ಲಿ ಆ ಆಕಾರದ ನೆನಪಾದರೂ ಇರುತ್ತದೆಯೇ? ಇಲ್ಲವೆಂದಾದರೆ ಅದು ಹೊದಿಕೆ.

ನಾನು ಕೊಡುವ ಮೊದಲ ಪಾಠಕ್ಕೆ ಹೊಲಿಗೆ, ಅಂಟು, ಕತ್ತರಿ ಯಾವುದೂ ಬೇಡ. ಒಂದು ಮೀಟರ್ ಚೌಕದ ಬಟ್ಟೆಗಳನ್ನು ತೆಗೆದುಕೊಳ್ಳಿ: ತೆಳು ಹತ್ತಿ, ದಪ್ಪ ಕ್ಯಾನ್ವಾಸ್, ಹೆಣೆದ ಬಟ್ಟೆ, ಫೆಲ್ಟ್. ಪ್ರತಿಯೊಂದನ್ನೂ ಮೊದಲು ಒಂದು ಮೂಲೆಯಿಂದ, ಬಳಿಕ ನಡುಮಧ್ಯದಿಂದ, ಬಳಿಕ ಎರಡು ಬಿಂದುಗಳಿಂದ ತೂಗುಹಾಕಿ ಚಿತ್ರ ಬರೆಯಿಸಿ. ನೇಯ್ದ ಬಟ್ಟೆ ಹಾಸಿನ ಗುಂಟ ಎಳೆದರೆ ಜಗ್ಗುವುದಿಲ್ಲ, ಓರೆಗೆ ಎಳೆದರೆ ಹಿಗ್ಗಿ ಇಕ್ಕೆಲಗಳಲ್ಲಿ ಕಿರಿದಾಗುತ್ತದೆ. ಫೆಲ್ಟ್‌ಗೆ ಹಾಸು ಹೊಕ್ಕಿನ ಹಂಗಿಲ್ಲ, ಎತ್ತ ಎಳೆದರೂ ಬಹುಮಟ್ಟಿಗೆ ಒಂದೇ ಬಗೆ. ಇದು ಪುಸ್ತಕದಲ್ಲಿ ಓದಿ ಎಲ್ಲರಿಗೂ ಗೊತ್ತಿರುವ ಸಂಗತಿಯೇ, ಆದರೆ ಮಡಿಕೆಗಳನ್ನು ಪೆನ್ಸಿಲ್ಲಿನಲ್ಲಿ ಗಂಟೆಗಟ್ಟಲೆ ಹಿಂಬಾಲಿಸಿದವರಿಗೆ ಮಾತ್ರ ಅದು ಕೈಗೆ ಇಳಿಯುತ್ತದೆ.

ಅದರ ಮುಂದಿನ ಹೆಜ್ಜೆಗೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಹೈನ್ಜ್ ಇಸ್ಲರ್ ಅವರನ್ನು ನೆನೆಯುತ್ತೇನೆ. 1950ರ ದಶಕದಿಂದ ಅವರು ಒದ್ದೆ ಬಟ್ಟೆಯನ್ನು ಮೂಲೆಗಳಿಂದ ತೂಗುಬಿಟ್ಟು, ಗಟ್ಟಿಯಾದ ಮೇಲೆ ತಲೆಕೆಳಗು ಮಾಡಿ, ಆ ಆಕಾರದಿಂದಲೇ ಕಾಂಕ್ರೀಟಿನ ತೆಳು ಚಿಪ್ಪುಚಾವಣಿಗಳನ್ನು ರೂಪಿಸಿದರು. ತೂಗುವಾಗ ಬಟ್ಟೆಯಲ್ಲಿ ಬರೀ ಎಳೆತ. ಮಗುಚಿದಾಗ ಅದೇ ರೇಖೆಗಳಲ್ಲಿ ಬರೀ ಒತ್ತಡ, ಆದ್ದರಿಂದ ತೆಳುವಾದರೂ ಅದು ನಿಲ್ಲುತ್ತದೆ. ತರಗತಿಯಲ್ಲಿ ಗಟ್ಟಿ ಗಂಜಿಯಲ್ಲೋ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲೋ ಅದ್ದಿದ ಬಟ್ಟೆಯಿಂದ ಇದನ್ನು ಒಂದೇ ದಿನದಲ್ಲಿ ಮಾಡಬಹುದು. ಒಳಗೆ ತಂತಿಯೇ ಇಲ್ಲದೆ ಬಟ್ಟೆ ನಾಲ್ಕು ಕಾಲಿನ ಮೇಲೆ ನಿಂತದ್ದನ್ನು ಕಂಡ ವಿದ್ಯಾರ್ಥಿಗೆ ಹಂದರ ಕಡ್ಡಾಯವಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ನೂಲೆಳೆ:

ಇಬ್ಬರಿಗೂ ಧನ್ಯವಾದಗಳು. ಬಟ್ಟೆಯನ್ನು ಮಗುಚಿ ನಿಲ್ಲಿಸುವ ಪಾಠವನ್ನು ಮೊದಲ ವಾರವೇ ಇಟ್ಟುಕೊಳ್ಳುತ್ತೇನೆ. ಇನ್ನೊಂದು ಸಂದೇಹವಿದೆ. ಕೆಲವರು ಪಾಲಿಯೆಸ್ಟರ್, ಲೇಟೆಕ್ಸ್ (ದ್ರವ ರಬ್ಬರ್), ರೆಸಿನ್ (ಗಟ್ಟಿಯಾಗುವ ರಾಸಾಯನಿಕ ದ್ರವ) ಇವುಗಳತ್ತ ವಾಲುತ್ತಿದ್ದಾರೆ. ಕೃತಿ ಬೇಗ ಗಟ್ಟಿಯಾಗುತ್ತದೆ ಎಂಬುದು ಅವರ ವಾದ. ಒಪ್ಪಿಕೊಳ್ಳಬೇಕೇ? ಅಂಕದ ಬಗೆಗೂ ಯಾರಾದರೂ ದಯವಿಟ್ಟು ತಿಳಿಸಿ.

ಉತ್ತರ: ಬಣ್ಣದ ಬಾನಿ

ಮೂರನ್ನೂ ಒಂದೇ ಗುಂಪಿಗೆ ಸೇರಿಸುವುದು ಸರಿಯಲ್ಲ ಮೇಡಂ. ಪಾಲಿಯೆಸ್ಟರಿನ ಗಟ್ಟಿತನ ಅದರ ಸ್ವಂತದ್ದು: ಕಾಯಿಸಿದಾಗ ಮೆತ್ತಗಾಗಿ, ಆರಿದಾಗ ಆ ರೂಪವನ್ನೇ ಹಿಡಿದುಕೊಳ್ಳುವುದು ಅದರ ನಾರಿನ ಸ್ವಭಾವ. ಕಾಳುಗಳನ್ನು ಒಳಗಿಟ್ಟು ದಾರದಿಂದ ಬಿಗಿದು, ಹಬೆಯಲ್ಲಿ ಬೇಯಿಸಿ, ಪೂರ್ತಿ ತಣಿದ ಮೇಲೆ ದಾರ ಬಿಚ್ಚಿದರೆ ಉಬ್ಬುಗಳು ಹಾಗೆಯೇ ನಿಲ್ಲುತ್ತವೆ, ತೊಳೆದರೂ ಹೋಗುವುದಿಲ್ಲ. ಹತ್ತಿಯಲ್ಲಿ ಇದೇ ಕೆಲಸ ಮಾಡಿದರೆ ಮೊದಲ ಒಗೆತಕ್ಕೇ ಬಹುಪಾಲು ಅಳಿಸಿಹೋಗುತ್ತದೆ. ಜಪಾನಿನ ಉಡುಪು ವಿನ್ಯಾಸಕ ಇಸ್ಸೇ ಮಿಯಾಕೆ ಅವರ ನೆರಿಗೆ ಉಡುಪುಗಳು ನಿಂತಿರುವುದೂ ಈ ಗುಣದ ಮೇಲೆಯೇ. ಉಡುಪನ್ನು ಮೊದಲು ದೊಡ್ಡ ಅಳತೆಯಲ್ಲಿ ಹೊಲಿದು, ಆಮೇಲೆ ಶಾಖ ಮತ್ತು ಒತ್ತಡದಿಂದ ನೆರಿಗೆ ಕೂರಿಸುತ್ತಾರೆ. ಆದ್ದರಿಂದ ಪಾಲಿಯೆಸ್ಟರಿಗೆ ನನ್ನ ಪೂರ್ಣ ಒಪ್ಪಿಗೆಯಿದೆ.

ಲೇಟೆಕ್ಸ್ ವಿಷಯ ಬೇರೆ. ಶಿಲ್ಪ ಕಲಾವಿದೆ ಎವಾ ಹೆಸ್ಸೆ 1969ರಲ್ಲಿ ತೆಳು ಬಟ್ಟೆ, ಲೇಟೆಕ್ಸ್ ಮತ್ತು ಫೈಬರ್‌ಗ್ಲಾಸ್ ಸೇರಿಸಿ ಮಾಡಿದ ‘ಕಂಟಿಂಜೆಂಟ್’ ಎಂಬ ಎಂಟು ಹಾಳೆಗಳ ಕೃತಿಯನ್ನು ಮೂರು ಆಯಾಮದ ಜವಳಿ ಕಲೆಯ ಪಾಠದಲ್ಲಿ ತೋರಿಸದೆ ಇರಲಾಗದು. ಅದರ ಜೊತೆಗೇ, ಅವರ ಲೇಟೆಕ್ಸ್ ಕೃತಿಗಳು ಕಾಲಕ್ರಮೇಣ ಕಂದಿ, ಬಿರುಸಾಗಿ, ಕೆಲವು ಪ್ರದರ್ಶಿಸಲಾಗದ ಸ್ಥಿತಿಗೆ ಬಂದಿವೆ ಎಂಬುದನ್ನೂ ಹೇಳಬೇಕು. ಕೃತಿ ಎಷ್ಟು ಕಾಲ ಬಾಳಬೇಕು ಎಂಬುದು ಕಲಾವಿದರ ಆಯ್ಕೆ, ಆದರೆ ತಿಳಿದು ಮಾಡಿದ ಆಯ್ಕೆಯಾಗಿರಲಿ. ರೆಸಿನ್ ಅನ್ನು ನಾನು ಪದವಿ ಮಟ್ಟದಲ್ಲಿ ಬಿಡುವುದಿಲ್ಲ. ಗಾಳಿಯಾಡುವ ಪ್ರತ್ಯೇಕ ಕೋಣೆ, ಸರಿಯಾದ ಫಿಲ್ಟರಿನ ಮುಖಗವಸು, ಕೈಗವಸು ಇಲ್ಲದ ಕಡೆ ಅದರ ಮಾತೇ ಬೇಡ. ಅದೂ ಅಲ್ಲದೆ ಬಟ್ಟೆಯನ್ನು ಬಟ್ಟೆಯಲ್ಲದಂತೆ ಮಾಡುವುದರಲ್ಲಿ ರೆಸಿನ್‌ನಷ್ಟು ನಿಪುಣ ವಸ್ತು ಇನ್ನೊಂದಿಲ್ಲ. ಮಾತು ಬಂದದ್ದರಿಂದ ಹೇಳುತ್ತೇನೆ, ರಿಯಾಕ್ಟಿವ್ (ನಾರಿನೊಂದಿಗೆ ರಾಸಾಯನಿಕವಾಗಿ ಬೆಸೆಯುವ) ಬಣ್ಣದ ಪುಡಿಯನ್ನು ಕಲಸುವಾಗಲೂ ಮುಖಗವಸು ಕಡ್ಡಾಯವಾಗಿರಲಿ. ಆ ಪುಡಿಯನ್ನು ಪದೇ ಪದೇ ಉಸಿರಾಡಿದವರಲ್ಲಿ ಕೆಲವರಿಗೆ ಉಬ್ಬಸದಂತಹ ಅಲರ್ಜಿ ಅಂಟಿಕೊಳ್ಳುತ್ತದೆ, ಬಳಿಕ ಚಿಟಿಕೆ ಪುಡಿಯನ್ನೂ ಅವರ ದೇಹ ತಾಳದು. ಕೆಳಗೆ ಚೆಲ್ಲಿದ್ದನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಅಂಕದ ಬಗ್ಗೆ ನನ್ನ ಪದ್ಧತಿ ಸರಳ. ಅರ್ಧದಷ್ಟು ಅಂಕ ಮಾದರಿ ತುಣುಕುಗಳಿಗೆ. ಪ್ರತಿ ತುಣುಕಿನ ಜೊತೆ ನಾರು ಯಾವುದು, ಸಂಸ್ಕರಣದ ಮೊದಲು ಅಳತೆ ಎಷ್ಟಿತ್ತು, ಆಮೇಲೆ ಎಷ್ಟಾಯಿತು, ಏನು ಮಾಡಲಾಯಿತು ಎಂಬ ಚೀಟಿ ಇರಬೇಕು. ಟೊಳ್ಳು ಫೆಲ್ಟ್ ಪಾತ್ರೆ ಮಾಡುವವರಿಗೆ ಈ ಚೀಟಿ ಇಲ್ಲದೆ ಕೆಲಸವೇ ಸಾಗದು: ತಾವು ಬಳಸುವ ಉಣ್ಣೆ ಮೂರನೇ ಒಂದು ಭಾಗ ಕುಗ್ಗುತ್ತದೆ ಎಂದು ತುಣುಕಿನಿಂದ ತಿಳಿದಿದ್ದರೆ, 30 ಸೆಂಟಿಮೀಟರ್ ಎತ್ತರ ಬೇಕಾದಾಗ ಪದರಗಳ ನಡುವೆ ಇಡುವ ಪ್ಲಾಸ್ಟಿಕ್ ಅಚ್ಚನ್ನು 45 ಸೆಂಟಿಮೀಟರಿಗೆ ಕತ್ತರಿಸಬೇಕು ಎಂಬುದು ಲೆಕ್ಕದಿಂದಲೇ ಸಿಗುತ್ತದೆ.

ಉತ್ತರ: ಹಾಸುಹೊಕ್ಕು

ಅರ್ಧ ಅಂಕ ಮಾದರಿಗಳಿಗೆ ಎಂಬುದು ನನಗೆ ಹೆಚ್ಚೆನಿಸುತ್ತದೆ. ಅಚ್ಚುಕಟ್ಟಾದ ಕಡತ ತಯಾರಿಸುವುದರಲ್ಲಿ ಜಾಣರಾದವರು ಇರುತ್ತಾರೆ. ಅವರ ಕೊನೆಯ ಕೃತಿ ಪೇಲವವಾಗಿದ್ದರೂ ಮುಂದೆ ಬಂದುಬಿಡುತ್ತಾರೆ. ನಾನಾದರೆ ಮೂರನೇ ಒಂದು ಭಾಗಕ್ಕೆ ನಿಲ್ಲಿಸುತ್ತೇನೆ, ಮತ್ತು ವಿದ್ಯಾರ್ಥಿ ಯಾವ ಮಾದರಿಯನ್ನು ಕೈಬಿಟ್ಟ, ಏಕೆ ಕೈಬಿಟ್ಟ ಎಂಬುದನ್ನು ಮೌಖಿಕವಾಗಿ ಕೇಳುತ್ತೇನೆ. ಕಡತದಲ್ಲಿ ಕಾಣದ ತೀರ್ಮಾನಶಕ್ತಿ ಆ ಉತ್ತರದಲ್ಲಿ ಕಾಣುತ್ತದೆ. ಚರ್ಚೆಯ ಸಮಯವನ್ನು ಮುಂಚೆಯೇ ಹಂಚಿಕೊಟ್ಟು, ಪ್ರತಿ ಕೃತಿಯ ಸುತ್ತ ಎಲ್ಲರೂ ಒಮ್ಮೆ ನಡೆದು ಬಂದ ಮೇಲೆಯೇ ಚರ್ಚೆ ಆರಂಭಿಸಿ. ಎದುರಿನಿಂದ ಮಾತ್ರ ನೋಡಿ ಮಾತಾಡುವ ಚಾಳಿ ಚಪ್ಪಟೆ ಕೆಲಸದಿಂದ ಬಂದದ್ದು, ಬೇಗ ಬಿಡುವುದಿಲ್ಲ.

ಉತ್ತರ: ಶಿಲ್ಪಶಾಲೆ

ಒಂದು ಮಾತು ಬಿಟ್ಟುಹೋಗಿತ್ತು. ತೂಗುವ ಕೃತಿಗಳನ್ನು ಪರೀಕ್ಷೆಯ ಹಿಂದಿನ ದಿನ ಏರಿಸಲು ಬಿಡಬೇಡಿ. ಓರೆಗೆ ಕತ್ತರಿಸಿದ ಬಟ್ಟೆ ಮತ್ತು ಹೆಣಿಗೆ ತಮ್ಮ ಭಾರಕ್ಕೇ ದಿನೇ ದಿನೇ ಇಳಿಯುತ್ತವೆ, ಅದೂ ಎಲ್ಲ ಕಡೆ ಒಂದೇ ಸಮನಾಗಿ ಅಲ್ಲ. ಕೆಳಗಿನ ಅಂಚು ನೆಲಕ್ಕೆ ತಾಗಬಾರದು ಎಂಬ ಯೋಜನೆಯಿದ್ದರೆ, ಕೆಲವು ವಾರ ಮೊದಲೇ ತೂಗುಹಾಕಿ, ಇಳಿಯುವುದು ನಿಂತ ಮೇಲೆ ಅಂಚನ್ನು ಸರಿಪಡಿಸಬೇಕು. ಕೊಕ್ಕೆಯ ಸಾಮರ್ಥ್ಯವನ್ನು ಅಂದಾಜಿನ ಮೇಲೆ ಬಿಡದೆ ಕೃತಿಯನ್ನು ತೂಕ ಮಾಡಿಸಿ. ಹಗ್ಗ ಮತ್ತು ದಪ್ಪ ಉಣ್ಣೆಯ ಕೆಲಸಗಳು ನೋಡಿದ್ದಕ್ಕಿಂತ ಬಹಳ ಭಾರವಿರುತ್ತವೆ.