ಟೆಸ್ಟೋಸ್ಟೆರಾನ್ ಕಡಿಮೆ, ಮಗುವೂ ಬೇಕು. ಇಂಜೆಕ್ಷನ್ ಬಿಟ್ಟು ಬೇರೆ ಔಷಧಿ ಇದೆಯಾ?

ಅರಸೀಕೆರೆಯವನು:

ನನಗೆ 34 ವರ್ಷ. ಕೆಲಸ ಬೆಂಗಳೂರಿನಲ್ಲಿ, ವಾರಕ್ಕೆ ನಾಲ್ಕು ದಿನ ರಾತ್ರಿ ಪಾಳಿ. ಒಂದು ವರ್ಷದಿಂದ ವಿಪರೀತ ಸುಸ್ತು. ಭಾನುವಾರ ಊಟ ಮಾಡಿ ಮಲಗಿದರೆ ದೀಪ ಹಚ್ಚುವ ಹೊತ್ತಿಗೂ ಏಳಲಾಗುವುದಿಲ್ಲ. ಹೆಂಡತಿ ಹತ್ತಿರ ಹೋಗುವ ಆಸೆಯೂ ಕಡಿಮೆಯಾಗಿದೆ. ಇದನ್ನು ಅವಳಿಗೆ ಬಾಯಿಬಿಟ್ಟು ಹೇಳುವುದಕ್ಕೇ ಮೂರು ತಿಂಗಳು ಬೇಕಾಯಿತು.

ರಕ್ತ ಪರೀಕ್ಷೆಯಲ್ಲಿ ಟೆಸ್ಟೋಸ್ಟೆರಾನ್ (ಗಂಡಸರ ಹಾರ್ಮೋನ್) 228 ng/dL ಬಂದಿದೆ. ರಕ್ತ ಕೊಟ್ಟಿದ್ದು ಸಂಜೆ 5ಕ್ಕೆ. ಡಾಕ್ಟರ್ ರಿಪೋರ್ಟ್ ನೋಡಿದ ಕೂಡಲೇ ಎರಡು ವಾರಕ್ಕೊಂದು ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಬರೆದುಕೊಟ್ಟರು. ನಾವು ಮಗುವಿಗಾಗಿ ಕಾಯುತ್ತಿದ್ದೇವೆ. ಅದನ್ನು ಅವರು ಕೇಳಲಿಲ್ಲ, ಸಂಕೋಚದಲ್ಲಿ ನಾನೂ ಹೇಳಲಿಲ್ಲ. ಚೀಟಿ ಇನ್ನೂ ಜೇಬಿನಲ್ಲೇ ಇದೆ. ಮಾತ್ರೆಯಲ್ಲಿ ಸರಿಹೋದವರು ಯಾರಾದರೂ ಇದ್ದೀರಾ?

ದಾವಣಗೆರೆ ಅಣ್ಣ:

ಆ ಚೀಟಿ ಜೇಬಿನಲ್ಲೇ ಇರಲಿ ತಮ್ಮ. ಮಗು ಬೇಕು ಅನ್ನುವುದಾದರೆ ಈಗ ಆ ಇಂಜೆಕ್ಷನ್ ಬೇಡ. ನಾನು ಅದೇ ತಪ್ಪು ಮಾಡಿದವನು.

ಎಂಟು ತಿಂಗಳು ಚುಚ್ಚಿಸಿಕೊಂಡೆ. ಮೈಗೆ ಹುರುಪು ಬಂತು, ಅದು ನಿಜ. ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿದರೆ ವೀರ್ಯಾಣುಗಳ ಸಂಖ್ಯೆ ಸೊನ್ನೆ. ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಆ ಹಾಳೆಯನ್ನೇ ನೋಡುತ್ತಿದ್ದೆ. ಮನೆಗೆ ಹೇಗೆ ಹೋಗಲಿ ಅನ್ನಿಸಿತ್ತು.

ಯಾಕೆ ಹೀಗಾಯಿತು ಅಂತ ಆಮೇಲೆ ಒಬ್ಬ ಹಾರ್ಮೋನ್ ಡಾಕ್ಟರ್ ಬಿಡಿಸಿ ಹೇಳಿದರು. ದಿನಾ ಹೊರಗಿನಿಂದ ಊಟ ಬರುತ್ತಿದ್ದರೆ ಮನೆಯಲ್ಲಿ ಒಲೆ ಹಚ್ಚುವವರು ಯಾರು? ರಕ್ತದಲ್ಲಿ ಟೆಸ್ಟೋಸ್ಟೆರಾನ್ ತುಂಬಿದ್ದನ್ನು ನೋಡಿ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಅನ್ನುವ ಹಾರ್ಮೋನುಗಳನ್ನು ಕಳಿಸುವುದನ್ನೇ ನಿಲ್ಲಿಸುತ್ತದೆ. ಆ ಎರಡು ಇಲ್ಲದೆ ಬೀಜದಲ್ಲಿ (ವೃಷಣದಲ್ಲಿ) ವೀರ್ಯಾಣು ತಯಾರಾಗುವುದಿಲ್ಲ. 1990ರ ಆಸುಪಾಸಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 200 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ಇಂಜೆಕ್ಷನ್ನನ್ನು ಗಂಡಸರ ಗರ್ಭನಿರೋಧಕವಾಗಿಯೇ ಪರೀಕ್ಷಿಸಿತ್ತು! ಇದು ನನಗೆ ಮೊದಲೇ ಗೊತ್ತಿದ್ದರೆ ಅಂತ ಈಗಲೂ ಸಂಕಟವಾಗುತ್ತದೆ.

ನನಗೆ ಅದನ್ನು ನಿಲ್ಲಿಸಿ ಎಚ್‌ಸಿಜಿ ಕೊಟ್ಟರು. ಅದೂ ಇಂಜೆಕ್ಷನ್ನೇ, ಆದರೆ ಟೆಸ್ಟೋಸ್ಟೆರಾನ್ ಅಲ್ಲ. ಎಲ್‌ಎಚ್ ಮಾಡುವ ಕೆಲಸವನ್ನು ತಾನು ಮಾಡಿ, ಬೀಜದ ಕೈಯಲ್ಲೇ ಕೆಲಸ ಮಾಡಿಸುತ್ತದೆ. ವಾರಕ್ಕೆ ಮೂರು ಸಲ, 2000 ಯೂನಿಟ್. ಪುಡಿ ಇರುವ ಪುಟ್ಟ ಸೀಸೆ. ನೀರು ಬೆರೆಸಿದ ಮೇಲೆ ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆ ಪಕ್ಕ ಇಡುತ್ತಿದ್ದೆ. ಅಮ್ಮ ಏನಿದು ಅಂದಾಗ ವಿಟಮಿನ್ ಅಂದಿದ್ದೆ. ಜೊತೆಗೆ ಕ್ಲೋಮಿಫೀನ್ ಮಾತ್ರೆ 25 ಮಿಲಿಗ್ರಾಂ, ದಿನ ಬಿಟ್ಟು ದಿನ. ನಾಲ್ಕನೇ ತಿಂಗಳೂ ಸೊನ್ನೆ. ಏಳನೇ ತಿಂಗಳು ಒಂದಿಷ್ಟು ಕಾಣಿಸಿದವು. ಮಗಳಿಗೆ ಈಗ ಮೂರು ವರ್ಷ.

ನನ್ನ ಲೆಕ್ಕ ನೋಡಿ ಔಷಧಿ ತೆಗೆದುಕೊಳ್ಳಬೇಡಿ. ಹಾರ್ಮೋನ್ ಡಾಕ್ಟರ್ ಹತ್ತಿರ ಹೋಗಿ, ಮಗುವಿನ ವಿಷಯವನ್ನೇ ಮೊದಲು ಹೇಳಿ.

ಮೈಸೂರು ಸಿಸ್ಟರ್:

ಹಾರ್ಮೋನ್ ವಿಭಾಗದಲ್ಲಿ ನರ್ಸ್ ಆಗಿದ್ದೇನೆ. ಸಂಜೆಯ ರಕ್ತ ನೋಡಿ ಏನೂ ನಿರ್ಧಾರ ಮಾಡಬೇಡಿ. ಟೆಸ್ಟೋಸ್ಟೆರಾನ್ ಬೆಳಿಗ್ಗೆ ಜಾಸ್ತಿ ಇರುತ್ತದೆ. ಬೆಳಿಗ್ಗೆ 10ರ ಒಳಗೆ, ಎರಡು ಬೇರೆ ಬೇರೆ ದಿನ, ಎರಡು ಸಲವೂ 300ಕ್ಕಿಂತ ಕೆಳಗಿದ್ದರೆ ಆಗ ಕಡಿಮೆ ಅನ್ನಬಹುದು. ನಿಮಗೆ ರಾತ್ರಿ ಪಾಳಿ ಅಲ್ವಾ? ರಜೆ ಹಾಕಿ ಕೆಲವು ರಾತ್ರಿ ಸರಿಯಾಗಿ ನಿದ್ದೆ ಮಾಡಿ ಆಮೇಲೆ ರಕ್ತ ಕೊಡಿ.

ಜೊತೆಗೆ ಎಲ್‌ಎಚ್, ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್ (ಇದೂ ಪಿಟ್ಯುಟರಿಯ ಹಾರ್ಮೋನ್) ಪರೀಕ್ಷೆ ಮಾಡಿಸಲೇಬೇಕು. ಕ್ಲೋಮಿಫೀನ್ ಮೆದುಳಿಗೆ ಈಸ್ಟ್ರೋಜನ್ (ಗಂಡಸರಲ್ಲೂ ಸ್ವಲ್ಪ ಇರುವ ಹೆಂಗಸರ ಹಾರ್ಮೋನ್) ಕಾಣದ ಹಾಗೆ ಮರೆ ಮಾಡುತ್ತದೆ. ಆಗ ಪಿಟ್ಯುಟರಿ ಎಲ್‌ಎಚ್ ಹೆಚ್ಚಿಸುತ್ತದೆ. ಆದರೆ ನಿಮ್ಮ ಎಲ್‌ಎಚ್ ಈಗಾಗಲೇ ತುಂಬಾ ಜಾಸ್ತಿ ಇದ್ದರೆ ತೊಂದರೆ ಬೀಜದಲ್ಲೇ ಇದೆ ಅಂತ ಅರ್ಥ. ಅಲ್ಲಿ ಈ ಮಾತ್ರೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಪ್ರೊಲ್ಯಾಕ್ಟಿನ್ ತುಂಬಾ ಏರಿದ್ದರೆ ದಾರಿಯೇ ಬೇರೆ, ಸಾಮಾನ್ಯವಾಗಿ ಅದನ್ನು ಇಳಿಸುವ ಕ್ಯಾಬರ್ಗೋಲಿನ್ ಮಾತ್ರೆ ಕೊಡುತ್ತಾರೆ. ಈಸ್ಟ್ರೋಜನ್ ಜಾಸ್ತಿ ಇರುವ ಕೆಲವರಿಗೆ ಅದನ್ನು ಇಳಿಸುವ ಅನಾಸ್ಟ್ರೋಜೋಲ್ ಮಾತ್ರೆ ಕೂಡ ಬರೆಯುವುದುಂಟು.

ಕ್ಲೋಮಿಫೀನ್ ತೆಗೆದುಕೊಳ್ಳುವಾಗ ಕಣ್ಣು ಮಂಜಾದರೆ, ಮಿಂಚು ಮಿಂಚು ಕಂಡರೆ ತಕ್ಷಣ ನಿಲ್ಲಿಸಿ ಡಾಕ್ಟರಿಗೆ ಹೇಳಿ. ಇನ್ನೊಂದು ಮಾತು, ತೂಕ ಜಾಸ್ತಿ ಇದ್ದರೂ, ನಿದ್ದೆ ಕೆಟ್ಟರೂ ಟೆಸ್ಟೋಸ್ಟೆರಾನ್ ಇಳಿಯಬಹುದು. ಗೊರಕೆ ಇದೆಯಾ? ತೂಕ ಎಷ್ಟು?

ಅರಸೀಕೆರೆಯವನು:

ತೂಕ 96 ಕೆಜಿ. ಗೊರಕೆ ಇದೆ, ಹೆಂಡತಿ ಹಾಲ್‌ಗೆ ಹೋಗಿ ಮಲಗುವಷ್ಟು.

ಐದು ವಾರದ ನಂತರ ಬರೆಯುತ್ತಿದ್ದೇನೆ. ನಾಲ್ಕು ದಿನ ರಜೆ ಹಾಕಿ ಊರಿನಲ್ಲಿ ಮಲಗಿ ಬಂದೆ. ಬೆಳಿಗ್ಗೆ 8ಕ್ಕೆ ಕೊಟ್ಟ ರಕ್ತದಲ್ಲಿ 262. ಇನ್ನೊಂದು ದಿನ 271. ಎಲ್‌ಎಚ್ 2.8, ಅಂದರೆ ಜಾಸ್ತಿ ಇಲ್ಲ, ಪ್ರೊಲ್ಯಾಕ್ಟಿನ್ ಸರಿ ಇದೆ. ಹೊಸ ಡಾಕ್ಟರ್ ಹತ್ತಿರ ಈ ಸಲ ಹೆಂಡತಿಯೂ ಬಂದಿದ್ದಳು. ಕೂತ ಕೂಡಲೇ ಮಗುವಿನ ವಿಷಯ ಅವಳೇ ಹೇಳಿದಳು. ನಿದ್ದೆಯ ಪರೀಕ್ಷೆಗೆ ಬರೆದಿದ್ದಾರೆ, ತೂಕ ಇಳಿಸಿ ಅಂದಿದ್ದಾರೆ, ಕ್ಲೋಮಿಫೀನ್ 25 ಶುರು ಮಾಡಿದ್ದಾರೆ. ಆರು ವಾರ ಬಿಟ್ಟು ಮತ್ತೆ ರಕ್ತ.

ಮೆಡಿಕಲ್ ಶಾಪಿನ ಹುಡುಗ ಚೀಟಿ ನೋಡಿ "ಇದು ಹೆಂಗಸರ ಮಾತ್ರೆ, ಮೇಡಂಗಾ?" ಅಂತ ಕೇಳಿದ. ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು. ನನಗೇ ಅಂತ ಹೇಳಿ ತೆಗೆದುಕೊಂಡು ಬಂದೆ.